ಎರಡು ಹಗ್ಗ, ಒಂದೇ ಕೊಕ್ಕೆ

ಲಿಫ್ಟ್ ರಿಪೇರಿ ಮಾಡುವ ಈ ಮನುಷ್ಯನಿಗೆ ಬಂಧುಬಳಗದಲ್ಲಿ ‘ಡಬಲ್ ಮಾವ’ ಎಂದೇ ಹೆಸರು. ಜೇಬಿನಲ್ಲಿ ಎರಡು ಕನ್ನಡಕ, ತಲೆದೆಸೆಯಲ್ಲಿ ಎರಡು ಅಲಾರಂ. ಪ್ಯಾಂಟಿಗೆ ಬೆಲ್ಟು ಬಿಗಿದ ಮೇಲೂ ಒಳಗೊಂದು ಲಾಡಿ. ಒಂದೇ ಹಗ್ಗಕ್ಕೆ ನೇತುಬಿದ್ದ ಯಾವುದನ್ನೂ ನಂಬಬಾರದೆಂದು ಕಸುಬು ಕಲಿಸಿತ್ತು. ಉಳಿದದ್ದು ಸ್ವಂತ ಪುಕ್ಕಲುತನ; ಅದನ್ನು ಅವನೇ ಹೇಳಿಕೊಂಡು ನಗುತ್ತಿದ್ದ.

ದೂರದ ಆಸ್ಪತ್ರೆಯಲ್ಲಿ ಅಕ್ಕ ಹೃದಯದ ಆಪರೇಷನ್‌ಗೆಂದು ಮಲಗಿದಾಗ, ದಿನಾ ಸಂಜೆ ಕಂಪ್ಯೂಟರಿನಲ್ಲಿ ಅವಳ ಮುಖ ನೋಡಿ ಮಾತಾಡುವುದೆಂದಾಯಿತು. ನಡುವೆ ಕರೆ ಕಡಿದರೆ? ಹಳೆಯ ಲಿನಕ್ಸ್ ಕಂಪ್ಯೂಟರಿನ ಮುಂದೆ ಕೂತು, ಇಂಟರ್ನೆಟ್ಟಿನ ತಂತಿಯನ್ನೂ ವೈಫೈಯನ್ನೂ ಜೋಡಿ ಮಾಡಿದ. ತಂತಿ ಕೈಕೊಟ್ಟರೆ ವೈಫೈ ತಾನೇ ಹೊಣೆ ಹೊರಬೇಕು. ಅಕ್ಕನೊಡನೆ ಮಾತಾಡುತ್ತಲೇ ತಂತಿ ಕಿತ್ತ. ಚಿತ್ರ ತಡವರಿಸಲೂ ಇಲ್ಲ.

“ನೋಡಿದ್ಯಾ ಅಕ್ಕಾ? ಗೊತ್ತೇ ಆಗ್ಲಿಲ್ಲ ಅಲ್ವಾ?”

“ಗೊತ್ತೇ ಆಗ್ಲಿಲ್ಲ ಅಂದ್ಮೇಲೆ ಏನ್ ನೋಡ್ಲೋ?” ಎಂದಳು ಅಕ್ಕ.

ಮರುದಿನವೂ ಅದೇ ತಂತಿಪುರಾಣ, ಅದರ ಮರುದಿನವೂ. ಅವಳ ಎದೆ ಹೇಗಿದೆಯೆಂದು ಕೇಳಲು ಬಾಯಿ ತೆರೆದರೆ ವೈಫೈ ವಿಷಯವೇ ಹೊರಬೀಳುತ್ತಿತ್ತು. ಅವಳ ಉತ್ತರ ಕೇಳುವ ಧೈರ್ಯ ಅವನಿಗಿರಲಿಲ್ಲ.

ಆಪರೇಷನ್ನಿನ ಹಿಂದಿನ ಸಂಜೆ, ಮಾತಿನ ನಡುವೆ ಸೆಕೆಯೆಂದು ಟೇಬಲ್ ಫ್ಯಾನ್ ಎಳೆದುಕೊಂಡ. ಸಾಕೆಟ್ ಖಾಲಿಯಿರಲಿಲ್ಲ. ಕೈಗೆ ಸಿಕ್ಕ ಪ್ಲಗ್ ಕಿತ್ತು ಫ್ಯಾನಿನದನ್ನು ಸಿಕ್ಕಿಸಿದ. ಅಕ್ಕನ ಮುಖ ಅರ್ಧ ಮಾತಿನಲ್ಲೇ ನಿಂತುಹೋಯಿತು. ಕಿತ್ತದ್ದು ರೂಟರಿನ ಪ್ಲಗ್! ತಂತಿ ಬರುತ್ತಿದ್ದುದೂ ಅದರಿಂದಲೇ, ವೈಫೈ ಬರುತ್ತಿದ್ದುದೂ ಅದರಿಂದಲೇ. ಜನ್ಮವಿಡೀ ಲಿಫ್ಟ್ ನೋಡಿದ ಮಹಾಶಯ ಎರಡು ಹಗ್ಗವನ್ನೂ ಒಂದೇ ಕೊಕ್ಕೆಗೆ ನೇತುಹಾಕಿದ್ದ. ಫ್ಯಾನ್ ಮಾತ್ರ ಚೆನ್ನಾಗಿ ತಿರುಗುತ್ತಿತ್ತು.

ಅವನು ತಲೆ ಚಚ್ಚಿಕೊಳ್ಳುವಷ್ಟರಲ್ಲಿ ಹೆಂಡತಿ ತನ್ನ ಮೊಬೈಲ್ ತಂದು ಅವನ ಕಿವಿಗೆ ಹಿಡಿದಳು. “ಅತ್ತಿಗೆ ಲೈನಲ್ಲಿದ್ದಾರೆ, ಮಾತಾಡಿ.”

ಅಕ್ಕ ನಗುತ್ತಿದ್ದಳು. “ಏನೋ ಡಬಲ್, ಎರಡೂ ಹೋಯ್ತಾ?”

ಹೇಳಿಕೊಳ್ಳಲು ಈಗ ತಂತಿಯೂ ಇರಲಿಲ್ಲ, ವೈಫೈಯೂ ಇರಲಿಲ್ಲ.

“ಅಕ್ಕಾ, ನಂಗೆ ಭಯ ಆಗ್ತಿದೆ. ಅಕ್ಕ ಅಂತ ಇರೋದು ನೀನೊಬ್ಳೇ ಕಣೇ.”

ಆ ಕಡೆ ನಗು ನಿಂತಿತು.

“ನಂಗೂ ಭಯಾನೇ ಕಣೋ,” ಎಂದಳು. “ಇಷ್ಟು ದಿನ ಹೇಳೋಕೆ ನೀನೆಲ್ಲಿ ಬಿಟ್ಟೆ?”