ಮ್ಯಾನೇಜರ್ ರಜೆಯಲ್ಲಿದ್ದಾಗ

ಆ ಬಟ್ಟೆ ಒಗೆಯುವ ಕಾರ್ಖಾನೆಯ ಇಸ್ತ್ರಿ ವಿಭಾಗದಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಒಡಹುಟ್ಟಿದ ತಂಗಿಯೂ ಅಲ್ಲೇ ಇದ್ದಳು. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳೂ, ಕಾಡಿಬೇಡಿ ಅವಳಿಗೆ ಈ ಕೆಲಸ ಕೊಡಿಸಿದವಳೂ ಅಕ್ಕನೇ.

ಹೆಂಡತಿಯ ಹೆರಿಗೆಗೆಂದು ಮ್ಯಾನೇಜರ್ ರಜೆ ಹಾಕಿದಾಗ, ಟೈಮ್ ಕಾರ್ಡುಗಳಿಗೆ ಒಪ್ಪಿಗೆ ಕೊಡುವ ಹೊಣೆ ಅಕ್ಕನ ಹೆಗಲಿಗೆ ಬಿತ್ತು. "ಗಂಟೆ ಸರಿ ಇದ್ರೆ ಸಹಿ ಹಾಕಿ ಆಫೀಸಿಗೆ ಕಳಿಸಮ್ಮ, ಅಷ್ಟೇ," ಎಂದು ಹೇಳಿ ಹೋದರು.

ಆ ವಾರ ತಂಗಿಯ ಮಗಳು ಜ್ವರದಲ್ಲಿ ಬೇಯುತ್ತಿದ್ದಳು. ಒಂದು ದಿನ ಮಧ್ಯಾಹ್ನವೇ ತಂಗಿ ಯಾರಿಗೂ ಹೇಳದೆ ಮನೆಗೆ ಓಡಿದಳು. ಸಂಜೆ ಅವಳ ಕಾರ್ಡನ್ನು ಗೆಳತಿಯೊಬ್ಬಳು, ತಂಗಿ ಸಂಜೆವರೆಗೂ ಇದ್ದಂತೆ ಕಾಣಲೆಂದು, ಹೊತ್ತು ಅಚ್ಚೊತ್ತುವ ಯಂತ್ರಕ್ಕೆ ಒತ್ತಿದ್ದನ್ನು ಅಕ್ಕ ಕಣ್ಣಾರೆ ಕಂಡಳು. ಅಕ್ಕಪಕ್ಕದವರೂ ಕಂಡರು.

ಮರುದಿನ ತಂಗಿ ಗೋಗರೆದಳು. "ಅಕ್ಕಾ, ಒಂದ್ಸಲ ನೋಡದವಳ ಹಾಗೆ ಇದ್ಬಿಡೇ. ಆಗಲೇ ನಂಗೆ ಎಚ್ಚರಿಕೆ ಕೊಟ್ಟಿದಾರೆ. ಇದೂ ಸೇರಿದ್ರೆ ಮನೆಗೆ ಕಳಿಸ್ತಾರೆ."

"ಮೊನ್ನೆ ತಾನೇ ಇನ್ನೊಬ್ಬಳು ಹೀಗೇ ಮಾಡಿದಾಗ ಅವಳ ಕಾರ್ಡಲ್ಲಿ ನಿಜವಾದ ಹೊತ್ತೇ ಬರೆದು ಕಳಿಸಿದೀನಲ್ಲೇ. ಅವಳಿಗೊಂದು, ನಿನಗೊಂದು ಮಾಡಿದ್ರೆ ನಾನು ಯಾವ ಮುಖ ಇಟ್ಕೊಂಡು ಇಲ್ಲಿ ನಿಲ್ಲಲಿ? ಮ್ಯಾನೇಜರು ಬರಲಿ, ನಿನ್ನನ್ನ ಉಳಿಸಿ ಅಂತ ಕೈಮುಗಿದು ಕೇಳ್ತೀನಿ."

ಮ್ಯಾನೇಜರಿಗೆ ಫೋನ್ ಹಚ್ಚಿದಳು. ಅದು ಬಂದ್ ಆಗಿತ್ತು. ಕೊನೆಗೆ ತಂಗಿ ಹೊರಟ ನಿಜವಾದ ಹೊತ್ತನ್ನೇ ಬರೆದು, ಸಹಿ ಹಾಕಿ ಆಫೀಸಿಗೆ ಕಳಿಸಿದಳು.

ಆಫೀಸಿನವರು ಮ್ಯಾನೇಜರ್ ಬರುವವರೆಗೆ ಕಾಯಲಿಲ್ಲ. ತಂಗಿಯನ್ನು ಕರೆಸಿ ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಅವಳು ಅಕ್ಕನ ಮುಂದೆಯೇ ಹಾದುಹೋದಳು.

ರಜೆ ಮುಗಿಸಿ ಬಂದ ಮ್ಯಾನೇಜರ್ ವಿಷಯ ಕೇಳಿ ತಲೆ ಚಚ್ಚಿಕೊಂಡರು. "ಅಯ್ಯೋ, ಸಹಿ ಗೀಚಿ ಕಳಿಸೋದಲ್ವೇನಮ್ಮ? ನಾನು ಯಾವತ್ತು ಆ ಕಾರ್ಡುಗಳನ್ನ ಓದಿದೀನಿ?"

"ಹೇಗಾದ್ರೂ ಮಾಡಿ ಅವಳನ್ನ ವಾಪಸ್ ತಗೊಳ್ಳಿ ಸಾರ್."

"ಆ ಜಾಗಕ್ಕೆ ಆಗಲೇ ಬೇರೆಯವರು ಬಂದಾಯ್ತಲ್ಲ."

ಆ ಸಂಜೆ ಕೆಲಸ ಮುಗಿದೊಡನೆ ಅಕ್ಕ ತಂಗಿಯ ಮನೆಗೆ ಹೋದಳು. ತಂಗಿಯ ಗಂಡ ಬಾಗಿಲನ್ನು ಅರ್ಧ ತೆರೆದು, ನೆಲ ನೋಡುತ್ತಾ, "ಅವಳು ಮಲಗಿದಾಳೆ," ಎಂದ.

ಒಳಗಿಂದ ಮಗುವಿನ ದನಿ ಕೇಳಿತು. "ಅಮ್ಮಾ, ದೊಡ್ಡಮ್ಮ ಬಂದ್ರಾ?"

"ಯಾರೂ ಇಲ್ಲ. ನೀನು ಮಲ್ಕೋ," ಎಂದಳು ತಂಗಿ.

ಬಾಗಿಲು ಮುಚ್ಚಿತು. ಅಕ್ಕ ಮತ್ತೆ ತಟ್ಟಲಿಲ್ಲ. ಕತ್ತಲಾಗುವವರೆಗೂ ಆ ಮನೆಯ ಮೆಟ್ಟಿಲ ಮೇಲೇ ಕುಳಿತಿದ್ದಳು.