ಕೊಂಡಿ ಹಾಕಲು ಇಬ್ಬರು ಬೇಕು

ನನ್ನ ಕಿವಿ ಮಂದವಾದದ್ದು ನನಗಿಂತ ಮೊದಲು ಓಣಿಗೆ ಗೊತ್ತಾಯಿತು. ಇಳಕಲ್ಲಿನ ನಮ್ಮ ಓಣಿಯಲ್ಲಿ ನಾನು "ಏನಂದಿ?" ಎಂದು ಎರಡು ಸಲ ಕೇಳಿದರೆ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಒಂದು ದಿನ ಪಕ್ಕದ ಮನೆಯ ಗೆಳತಿಯೂ ನಕ್ಕಳು. ಮೂವತ್ತು ವರ್ಷ ನನ್ನ ಎದುರು ಕೂತು ಸೀರೆಗೆ ಕೊಂಡಿ ಹಾಕಿದವಳು! ಸಾಕಪ್ಪಾ ಸಾಕು ಎಂದು ಕದ ಹಾಕಿಕೊಂಡೆ.

ಎಂಟು ತಿಂಗಳು ನಾನಾಯಿತು, ನನ್ನ ಮಗ್ಗವಾಯಿತು. ಅಂಗಡಿಯಲ್ಲಿ ಸಾಮಾನನ್ನೂ ಬೆರಳು ಮಾಡಿ ತೋರಿಸಿ ತರುತ್ತಿದ್ದೆ. ಮೊದಮೊದಲು ಹಾಯೆನಿಸಿತು, ಸುಳ್ಳೇಕೆ ಹೇಳಲಿ. ಆಮೇಲೆ ಒಲೆಯ ಮೇಲೆ ಹಾಲಿಟ್ಟು ಮರೆಯತೊಡಗಿದೆ. ಹಾಲು ಹಾಳಾಗಿ ಹೋಗಲಿ, ಕೈಕೆಲಸವೂ ಕೆಡತೊಡಗಿತು.

ಸೀರೆಯ ಒಡಲಿನ ಎಳೆಯನ್ನು ಸೆರಗಿನ ಎಳೆಗೆ ಜೋಡಿಸುವ ಕುಣಿಕೆಗೆ ಕೊಂಡಿ ಎನ್ನುತ್ತೇವೆ. ನಾವಿಬ್ಬರು ಮಾಡುತ್ತಿದ್ದುದು ಹೀಗೆ: ಒಬ್ಬಳು ಎಳೆ ಆರಿಸಿ ಕೊಡಬೇಕು, ಇನ್ನೊಬ್ಬಳು ಸಿಕ್ಕಿಸಬೇಕು, ಬಾಯಿ ತುಂಬ ಮಾತಾಡಬೇಕು. ಹಟಕ್ಕೆ ಬಿದ್ದು ಒಬ್ಬಳೇ ಹಾಕಿದೆ. ನೇಯ್ದು ನೋಡಿದರೆ ಸೆರಗು ಸೊಟ್ಟ. ನಡುವೆ ಹತ್ತಾರು ಎಳೆ ಬಿಟ್ಟುಬಿಟ್ಟಿದ್ದೆ. ಕಣ್ಣು ಸರಿಯಿತ್ತು, ಬೆರಳೂ ಸರಿಯಿದ್ದವು. ತಲೆಯೇ ಕೈಕೊಡುತ್ತಿತ್ತು. ಮಗ್ಗ ಬಿಟ್ಟರೆ ನಾನು ಯಾರು?

ಬಾಗಲಕೋಟೆಯ ದವಾಖಾನೆಗೆ ಹೋದೆ. ಡಾಕ್ಟರಮ್ಮ ತಪಾಸಣೆ ಮಾಡಿ, ಕಿವಿಯ ಹತ್ತಿರ ಬಂದು ಜೋರಾಗಿ ಕೇಳಿದರು.

"ದಿನಾ ಯಾರ ಜೋಡಿ ಮಾತಾಡ್ತೀರಿ?"

"ಯಾರ ಜೋಡಿನೂ ಇಲ್ರಿ."

"ಅಲ್ಲೇ ತಪ್ಪಿದ್ದು ನೋಡ್ರಿ. ಮಂದಿ ಮಾತು ಕೇಳಿ, ತಿಳಕೊಂಡು, ತಿರುಗಿ ಮಾತಾಡೂದೂ ಮೆದುಳಿನ ದುಡಿಮಿ. ದುಡಿಮಿ ಇಲ್ಲಂದ್ರ ಅದು ಸೊರಗತೈತಿ. ಕಿವಿಗೆ ಮಷಿನ್ ಕೊಡ್ತೇನಿ. ಆದ್ರ ಅದನ್ನ ಹಾಕ್ಕೊಂಡು ಮನ್ಯಾಗ ಒಬ್ರ ಕುಂತ್ರ ಏನೂ ಉಪಯೋಗಿಲ್ಲ."

ಎರಡನೆಯ ಸಲ ಹೋದಾಗ ಮಷಿನ್ ಕೈಗೆ ಬಂತು. ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು, ಗೆಳತಿಗೆಂದು ಕರದಂಟು ಕಟ್ಟಿಸಿಕೊಂಡೆ. ಸೋತವಳ ಹಾಗೆ ಹೋಗುತ್ತಿಲ್ಲ, ನನ್ನ ತಲೆ ಉಳಿಸಿಕೊಳ್ಳಲು ಹೋಗುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ನನ್ನ ಮನೆ ದಾಟಿ ಸೀದಾ ಗೆಳತಿಯ ಬಾಗಿಲಿಗೆ ನಿಂತೆ.

"ಕೊಂಡಿ ಹಾಕೂಣು ಬಾ," ಎಂದೆ.

ಅವಳು ನನ್ನ ಮುಖ ನೋಡಿದಳು, ಕಿವಿ ನೋಡಿದಳು, ಮೆಲ್ಲಗೆ ಏನೋ ಅಂದಳು. ಹೊಸ ಮಷಿನ್ನಿನಲ್ಲಿ ಬರೀ ಗುಂಯ್ ಎಂಬ ಸದ್ದು. ಮೊದಲಿನ ನಾನಾಗಿದ್ದರೆ ತಿರುಗಿ ಮನೆಗೆ ಹೋಗುತ್ತಿದ್ದೆ. ಈ ಸಲ ಕಾಲು ಕೀಳಲಿಲ್ಲ.

"ಏನಂದಿ? ಮತ್ತೊಮ್ಮೆ ಹೇಳು."

ಓಣಿಗೆಲ್ಲ ಕೇಳುವಂತೆ ಅವಳು ಕೂಗಿದಳು. "ನಿನ್ನ ಜಾಗಾ ಹಂಗ ಖಾಲಿ ಇಟ್ಟೇನಿ, ಅಂದೆ! ಇನ್ನ ನಾಕ್ ಸಲ ಕೇಳ್ತಿ ಏನು?"

"ನಲವತ್ತು ಸಲ ಕೇಳ್ತೇನಿ," ಎಂದು ಚಪ್ಪಲಿ ಬಿಟ್ಟು ಒಳಗೆ ಹೋದೆ.