ಹಟ್ಟಿಗೊಬ್ಬ ಆಟಗಾರ

ಹೋದ ವರ್ಷ ಸೆಮಿಫೈನಲ್ ನಡೆದ ಭಾನುವಾರ ಮಧ್ಯಾಹ್ನ, ಕೊನೆಯ ಕ್ವಾರ್ಟರ್ ಶುರುವಾದಾಗ, ನಾನು ಊಟಿಯ ಬಯಲು ಕೋರ್ಟಿನಲ್ಲಿ ನಮ್ಮ ಬೆಂಚಿನ ಹಿಂದೆ, ಎಡತುದಿಗೆ ನಿಂತಿದ್ದೆ. ತಂಡದ ಮ್ಯಾನೇಜರ್ ನಿಲ್ಲುವ ಜಾಗ ಅದು. ನನ್ನ ಮುಂದೆಯೇ ನಮ್ಮ ಕೋಚ್ ಕುಳಿತಿದ್ದರು. ಅವರ ಬೂದುಬಣ್ಣದ ಮಂಕಿ ಕ್ಯಾಪಿನ ಉಣ್ಣೆಯ ಮೇಲೆ ಮಂಜು ಸಣ್ಣ ಹನಿಗಳಾಗಿ ಕೂತಿತ್ತು. ಇಷ್ಟನ್ನು ಖಚಿತವಾಗಿ ಹೇಳಬಲ್ಲೆ. ಮುಂದಿನದನ್ನು ನಿಧಾನವಾಗಿ ಹೇಳಬೇಕು.

ಅವರನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದೆವು. ಕೆತ್ತಿಯ ಕಡೆ ಮಕ್ಕಳಿಗೆ ಆಟ ಕಲಿಸಿ ನಿವೃತ್ತರಾದವರು. ನನ್ನ ಕೈಗೆ ಮೊದಲು ಬಾಸ್ಕೆಟ್‌ಬಾಲ್ ಕೊಟ್ಟವರು. ಬೆಟ್ಟದ ಲೀಗಿನಲ್ಲಿ ನಮ್ಮ ತಂಡ ಒಮ್ಮೆಯೂ ಫೈನಲ್ ತಲುಪಿರಲಿಲ್ಲ. ಅದೊಂದನ್ನು ಕಣ್ಣಾರೆ ನೋಡಬೇಕೆಂಬುದು ಅವರ ಆಸೆ.

ಅದರ ಹಿಂದಿನ ವರ್ಷ, ಸೆಮಿಫೈನಲ್ಲಿನ ಬೆಳಿಗ್ಗೆಯೇ ಒಂದು ಹಟ್ಟಿಯಲ್ಲಿ ಸಾವಾಯಿತು. ಹಟ್ಟಿಯೆಂದರೆ ನಮ್ಮ ಬಡಗರ ಊರು. ಅಲ್ಲಿ ಒಬ್ಬರು ಹೋದರೆ ಊರಿಗೆ ಊರೇ ಹೆಣದ ಸುತ್ತ ಸೇರುತ್ತದೆ. ಅಂದು ಯಾರೂ ಟೀ ಎಲೆ ಕೀಳುವುದಿಲ್ಲ, ಆಟದ ಮಾತಂತೂ ಇಲ್ಲವೇ ಇಲ್ಲ. ನಮ್ಮ ಒಳ್ಳೆಯ ಆಟಗಾರರೆಲ್ಲ ಆ ಒಂದೇ ಹಟ್ಟಿಯವರು. ಉಳಿದವರನ್ನು ಇಳಿಸಿ ಸೋತೆವು. ಮಾಸ್ಟರ್ ಯಾರನ್ನೂ ದೂರಲಿಲ್ಲ. ಕೋರ್ಟಿನಿಂದ ನೇರವಾಗಿ ಆ ಸಾವಿನ ಮನೆಗೆ ಹೋದರು.

ಹೊಸ ಸೀಸನ್ನಿಗೆ ಕೊಯಮತ್ತೂರಿನಿಂದ ಇಬ್ಬರು ಎತ್ತರದವರನ್ನು ತರೋಣ ಎಂದಿತು ಕಮಿಟಿ.

"ಒಬ್ಬ ಸಾಕಪ್ಪಾ, ಮೊದಲು ಬೆಂಚು ತುಂಬಿಸೋಣ," ಎಂದರು ಮಾಸ್ಟರ್. "ಅವನಿಗೆ ಫೌಲ್ ತುಂಬಿ ಹೊರಗೆ ಬಂದರೆ ಒಳಗೆ ಹೋಗೋಕೆ ಯಾರು? ನಾನಾ, ಈ ಮಂಡಿ ಇಟ್ಟುಕೊಂಡು?"

"ಬೆಂಚಿನವರು ಗೆದ್ದುಕೊಡ್ತಾರಾ ಮಾಸ್ಟರ್?" ಎಂದ ಕಮಿಟಿಯವನೊಬ್ಬ.

"ಬೆಂಚಿಲ್ಲದೆ ಹೋದ್ಸಲ ಗೆದ್ದೆಯಲ್ಲ, ಒಳ್ಳಿತು!"

ಉಳಿದ ಜಾಗಗಳಿಗಾಗಿ ಅವರು ಹಟ್ಟಿಯಿಂದ ಹಟ್ಟಿಗೆ ಬಸ್ಸಿನಲ್ಲಿ ತಿರುಗಿದರು. ಒಂದು ಹಟ್ಟಿಯಿಂದ ಒಬ್ಬನೇ. ಕೂಕಲ್ತೊರೈ ಹಟ್ಟಿಯಿಂದ, ಫ್ಯಾಕ್ಟರಿಗೆ ಟೀ ಎಲೆ ಸಾಗಿಸುವ ಲಾರಿಯ ಡ್ರೈವರ್ ಬಂದ. ಗಿಡ್ಡ ಆಳು.

"ಏ ಉದ್ದಣ್ಣಾ, ಮೇಲೆ ಮಳೆ ಶುರುವಾಯ್ತಾ?" ಎಂದು ಮೊದಲ ದಿನವೇ ಕೊಯಮತ್ತೂರಿನಿಂದ ಬಂದ ಎತ್ತರದವನನ್ನು ಕೆಣಕಿದ.

"ಆಯ್ತು. ನಿಮ್ಮ ತನಕ ಇಳಿಯೋಕೆ ಇನ್ನೂ ಹೊತ್ತಿದೆ."

ಸಂಜೆಯ ಅಭ್ಯಾಸದಲ್ಲಿ ಮಂಜು ಇಳಿದರೆ ಬುಟ್ಟಿಯೇ ಕಾಣುತ್ತಿರಲಿಲ್ಲ. ನಮ್ಮಲ್ಲಿ ಹೆಸರುಗಳೂ ಕೆಲವೇ. ಬೆಳ್ಳಿ ಎಂದು ಕೂಗಿದರೆ ಮೂವರು ತಿರುಗುತ್ತಿದ್ದರು. "ಹಟ್ಟಿ ಹೆಸರು ಕೂಗ್ರೋ," ಎಂದರು ಮಾಸ್ಟರ್. ಅಂದಿನಿಂದ ಆ ಬಿಳುಪಿನೊಳಗಿಂದ ಊರುಗಳು ಒಂದೊಂದಾಗಿ ಕೂಗತೊಡಗಿದವು. ಮನುಷ್ಯರು ಕಾಣುತ್ತಿರಲಿಲ್ಲ, ಬೆಟ್ಟಗಳೇ ಪರಸ್ಪರ ಚೆಂಡು ಕೇಳುತ್ತಿರುವಂತಿತ್ತು. ಮಾಸ್ಟರ್ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

ಸೆಮಿಫೈನಲ್ಲಿನ ಆ ಭಾನುವಾರವೂ ಒಂದು ಹಟ್ಟಿಯಲ್ಲಿ ಸಾವಾಗಿತ್ತು. ಈ ಸಲ ನಮಗೆ ತಪ್ಪಿದ್ದು ಒಬ್ಬನೇ. ಕೊನೆಯ ಕ್ವಾರ್ಟರಿನಲ್ಲಿ, ನಾವು ಸ್ವಲ್ಪ ಹಿಂದಿದ್ದಾಗ, ಕೊಯಮತ್ತೂರಿನವನು ಐದನೆಯ ಫೌಲ್ ಮಾಡಿ ಹೊರಬಂದ. ಮಾಸ್ಟರ್ ಡ್ರೈವರನ ಬೆನ್ನು ತಟ್ಟಿದರು.

"ಲೋಡ್ ಲಾರಿ ಘಾಟಿ ಇಳಿಸ್ತೀಯಲ್ಲ, ಹಾಗೆ ಹೋಗು ತಮ್ಮಾ. ಅವಸರ ಬೇಡ."

ನಾನು ಕೇಳಿದ ಅವರ ಕೊನೆಯ ಮಾತು ಅದು.

ಎತ್ತರದವನು ಅವರ ಪಕ್ಕ ಕುಳಿತ. ಮಂಜು ಕೋರ್ಟಿಗೆ ಇಳಿಯಿತು. "ಕೂಕಲ್ತೊರೈ!" ಎಂಬ ಕೂಗು, ಚೆಂಡು ಬಲೆಯಲ್ಲಿ ಸರಿದ ಸದ್ದು. ಮಾಸ್ಟರ್ ಪಕ್ಕಕ್ಕೆ ತಿರುಗಿ ನಕ್ಕರು. ಅದನ್ನು ನಾನು ನೋಡಿದೆ. ಆಮೇಲೆ ಕೋರ್ಟಿನ ಕಡೆ ತಿರುಗಿದೆ. ಇನ್ನೆರಡು ಸಲ ಚೆಂಡು ಬುಟ್ಟಿಗೆ ಬಿತ್ತು, ಎರಡೂ ನಮ್ಮದು. ನಡುವೆ ಒಮ್ಮೆ ನೋಡಿದಾಗ ಅವರ ತಲೆ ಎತ್ತರದವನ ಹೆಗಲ ಮೇಲಿತ್ತು. ಚಳಿಗೆ ಒರಗಿದ್ದಾರೆಂದುಕೊಂಡೆ. ಕೊನೆಯ ಸೀಟಿ ಕೇಳಿತು. "ಫೈನಲ್, ಮಾಸ್ಟರ್!" ಎನ್ನುತ್ತ ಡ್ರೈವರ್ ಓಡಿಬಂದ. ಮಾಸ್ಟರ್ ಏಳಲಿಲ್ಲ. ಎತ್ತರದವನು ಅಲುಗದೆ ಕೂತಿದ್ದ.

ಮರುದಿನ ಎಲ್ಲ ಹಟ್ಟಿಗಳೂ ಮಾಸ್ಟರರ ಹೆಣದ ಸುತ್ತ ಬಂದು ಸೇರಿದವು. ಆಮೇಲೊಂದು ದಿನ ಫೈನಲ್ ಆಡಿದೆವು, ಸೋತೆವು. ಮಾಸ್ಟರ್ ನಮ್ಮ ಗೆಲುವನ್ನು ನೋಡಿಯೇ ಹೋದರೆಂದು ಊರಲ್ಲೆಲ್ಲ ಹೇಳುತ್ತಾರೆ. ನನ್ನನ್ನೂ ಕೇಳುತ್ತಾರೆ. ಆ ನಗುವಿನವರೆಗೆ ನಾನು ಸಾಕ್ಷಿ. ಸ್ಕೋರ್ ಮೇಜಿನಲ್ಲಿದ್ದ ಟೀಚರಮ್ಮನೂ ಅದನ್ನು ಕಂಡಿದ್ದಾರೆ, ಊಟಿಯಲ್ಲೇ ಇದ್ದಾರೆ, ಬೇಕಾದರೆ ಕೇಳಿ. ಕೊನೆಯ ಸೀಟಿಯಾದ ಮೇಲೆ ಮಾಸ್ಟರರ ಕೈ ತನ್ನ ಮೊಣಕಾಲನ್ನು ಒಮ್ಮೆ ಒತ್ತಿತು ಎನ್ನುತ್ತಾನೆ ಎತ್ತರದವನು. ಅದನ್ನು ಕಂಡವನು ಅವನೊಬ್ಬನೇ. ಕೊಯಮತ್ತೂರಿನಲ್ಲಿದ್ದಾನೆ, ಬದುಕಿದ್ದಾನೆ.